ಸನ್ಮಾನಕ್ಕಿಂತ ಮೊದಲು ಒಂದು ಮರದ ನೆಲ: ಜಿಲ್ಲಾ ಉಸ್ತುವಾರಿ ಸಚಿವರಿಗೆ ಬಹಿರಂಗ ಪತ್ರ

ಚಿಕ್ಕಮಗಳೂರು ಜಿಲ್ಲಾ ಉಸ್ತುವಾರಿ ಸಚಿವರಿಗೆ,

ಮಾನ್ಯರೇ, ನಮಸ್ಕಾರ.

ನಮ್ಮೂರಿನ ಹಿರಿಯ ನೃತ್ಯ ಸಂಯೋಜಕಿಯೊಬ್ಬರಿಗೆ ಜಿಲ್ಲಾಡಳಿತದಿಂದ ಸನ್ಮಾನ ಮಾಡಿಸಬೇಕೆಂಬ ಮಾತು ನಡೆದಿದೆ ಎಂದು ಕೇಳಿ ಸಂತೋಷವಾಯಿತು. ಅವರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ, ಅವರೇ ಬೇಡವೆಂದರು. ನಮಗೆಲ್ಲ ಅವರು 'ಟೀಚರ್'. ಆದರೆ ಶಾಲು, ಹಾರ, ಫಲತಾಂಬೂಲದ ತಟ್ಟೆ ಸಿದ್ಧವಾಗುವ ಮೊದಲು ತಮ್ಮ ಗಮನಕ್ಕೆ ಒಂದು ವಿಷಯ ಬರಲೇಬೇಕು. ಟೀಚರ್ ಕೆಲಸ ನಿಲ್ಲಿಸಿಲ್ಲ. 79ರ ವಯಸ್ಸಿನಲ್ಲಿ ಹೊಸ ಬ್ಯಾಲೆಯೊಂದನ್ನು, ಅಂದರೆ ಗುಂಪಿನ ನೃತ್ಯರೂಪಕವೊಂದನ್ನು, ಕಟ್ಟುತ್ತಿದ್ದಾರೆ. ಅದನ್ನು ಮುಗಿಸಲು ಅವರಿಗೆ ಜಾಗ ಬೇಕು. ಇಷ್ಟು ವರ್ಷ ಕಟ್ಟಿದ್ದೆಲ್ಲ ಅವರು ಎದುರಿಗಿರುವಾಗಲೇ ದಾಖಲಾಗಬೇಕು.

ಹೊಸ ಬ್ಯಾಲೆಯ ವಸ್ತು ನಮ್ಮ ಜಿಲ್ಲೆಯದೇ. ಕಡೂರಿನ ತಂಗಲಿ ತಾಂಡ್ಯದ ಲಂಬಾಣಿ ಮನೆತನದಲ್ಲಿ 1906ರಲ್ಲಿ ಹುಟ್ಟಿ, ಎಳೆಯ ವಯಸ್ಸಿನಲ್ಲೇ ಮೈಸೂರಿಗೆ ಹೋಗಿ ನೃತ್ಯಗುರು ಜಟ್ಟಿ ತಾಯಮ್ಮನವರಲ್ಲಿ ಕಲಿತು, ಅರಮನೆಯ ಆಸ್ಥಾನ ನರ್ತಕಿಯಾದ ಕೆ. ವೆಂಕಟಲಕ್ಷಮ್ಮನವರ ಬಾಲ್ಯ. ಅವರು ನಮ್ಮ ಜಿಲ್ಲೆಯವರು ಎಂಬುದು ನಮ್ಮ ಮಕ್ಕಳಲ್ಲಿ ಎಷ್ಟು ಜನರಿಗೆ ಗೊತ್ತು? 1965ರಲ್ಲಿ ಮೈಸೂರು ವಿಶ್ವವಿದ್ಯಾಲಯ ನೃತ್ಯ ವಿಭಾಗ ತೆರೆದಾಗ ಪಾಠ ಹೇಳಲು ಅವರನ್ನು ಕರೆಯಿತು. ಆಗ ಅವರಿಗೆ 59ರ ಆಸುಪಾಸು. ಆ ವಯಸ್ಸಿನಲ್ಲಿ ಅವರಿಗೆ ಸಿಕ್ಕಿದ್ದು ಬರೀ ಬಿರುದಲ್ಲ, ಒಂದು ಕೋಣೆ, ಸಂಬಳ ಮತ್ತು ಶಿಷ್ಯೆಯರು. ಅರಮನೆಯಲ್ಲಿದ್ದ ಮೈಸೂರು ಶೈಲಿಯ ಭರತನಾಟ್ಯದ ಅಭಿನಯ ತರಗತಿಗೆ ಬಂದದ್ದು ಹಾಗೆ. 1992ರಲ್ಲಿ ಪದ್ಮಭೂಷಣ ಬಂತು. 2002ರಲ್ಲಿ ತೀರಿಕೊಂಡಾಗ ಅವರಿಗೆ 96. ಪದ್ಮಭೂಷಣದ ಬಗ್ಗೆ ನನಗೆ ಗೌರವವಿದೆ, ಆದರೆ ಕಲೆಯನ್ನು ಉಳಿಸಿದ್ದು 1965ರ ಆ ಕೋಣೆ ಎಂದು ನಾನು ನಂಬಿದ್ದೇನೆ.

ಈಗ ಟೀಚರ್ ಹೇಗೆ ಕೆಲಸ ಮಾಡುತ್ತಾರೆ ಎಂದು ಸ್ವಲ್ಪ ಹೇಳಬೇಕು. ಎರಡೂ ಮಂಡಿ ಸವೆದಿವೆ, ಮಂಡಿ ಬಾಗಿಸಿ ಅರ್ಧ ಕೂರುವ ಅರಮಂಡಿಯ ಭಂಗಿ ಅವರಿಗೆ ಆಗುವುದಿಲ್ಲ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಮುಂದೆ ತಟ್ಟುಮಣೆ ಇಟ್ಟುಕೊಂಡು ತಾಳಕ್ಕೆ ಕೋಲು ತಟ್ಟುತ್ತಾರೆ. ಹೆಜ್ಜೆ ತೋರಿಸಬೇಕಾದಾಗ ಕೋಲು ಕೆಳಗಿಟ್ಟು ಎರಡು ಅಂಗೈಯನ್ನೂ ತೊಡೆಯ ಮೇಲೆ ತರುತ್ತಾರೆ. ಎಡಗೈ ಎಡಗಾಲು, ಬಲಗೈ ಬಲಗಾಲು. ಬೆರಳ ತುದಿ ಊರಿದರೆ ಕುದಿ, ಅಂದರೆ ಕಾಲ್ಬೆರಳ ಮೇಲಿನ ಹೆಜ್ಜೆ, ಅಂಗೈ ಪೂರ್ತಿ ಬಿದ್ದರೆ ತಟ್ಟು, ಮಣಿಕಟ್ಟು ಮಾತ್ರ ತಾಗಿದರೆ ಹಿಮ್ಮಡಿ. ಹತ್ತು ವರ್ಷದ ಮಕ್ಕಳೂ ಅದನ್ನು ನೋಡಿ ಸರಿಯಾಗಿ ಕುಣಿಯುತ್ತಾರೆ. ಗುಂಪು ಎಲ್ಲಿ ಒಡೆಯಬೇಕು, ಯಾವ ಸಾಲು ಯಾವ ಸಾಲಿನ ಒಳಗಿಂದ ಹಾದು ಬರಬೇಕು ಎಂಬುದೆಲ್ಲ ಅವರ ಪುಸ್ತಕದಲ್ಲಿದೆ. ಕಾಫಿ ತೋಟಗಳಲ್ಲಿ ಕೂಲಿ ಲೆಕ್ಕ ಬರೆಯುತ್ತಾರಲ್ಲ, ಆ ಉದ್ದನೆಯ ಲೆಕ್ಕದ ಪುಸ್ತಕ. ಕೆಂಪು ಮತ್ತು ನೀಲಿ ಸೊನ್ನೆಗಳು, ಒಳಗೆ ಮಗುವಿನ ಹೆಸರಿನ ಮೊದಲ ಅಕ್ಷರ, ಬಾಣದ ಗುರುತು, ಕೆಳಗೆ ಸೊಲ್ಲುಕಟ್ಟು, ಅಂದರೆ ಹೆಜ್ಜೆಯ ಲಯಕ್ಕೆ ಬಾಯಲ್ಲಿ ಹೇಳುವ ಅಕ್ಷರಗಳು. ಅಂಚಿನಲ್ಲಿ ಕೆಲವು ಕಡೆ 'ಇಲ್ಲಿ ಯಾರೂ ನಗಬಾರದು', 'ಮೊದಲು ಉಸಿರು, ಆಮೇಲೆ ಕೈ' ಎಂದು ಬರೆದಿರುತ್ತದೆ. ಅಂಥ ಪುಸ್ತಕಗಳು ಒಂದು ಟ್ರಂಕಿನ ತುಂಬ ಇವೆ. ಮಲೆನಾಡಿನ ಮಳೆಗಾಲದಲ್ಲಿ ಕಾಗದದ ಗತಿ ಏನಾಗುತ್ತದೆಂದು ತಮಗೆ ಹೇಳಬೇಕಿಲ್ಲ.

ಬಾಣಗಳಲ್ಲಿ ಐದಾರು ಬಗೆ ಇವೆ. ಅವರ ಬಳಿ ಬಹುಕಾಲ ಕಲಿತ ನನಗೇ ಅರ್ಧದಷ್ಟು ಓದಲು ಬರುತ್ತದೆ. ಉಳಿದದ್ದನ್ನು ಓದಬಲ್ಲವರು ಅವರೊಬ್ಬರೇ.

ಪುಸ್ತಕವನ್ನು ನಂಬಿ ಒಂದು ಕಲೆ ಉಳಿದದ್ದು ಇದೆ. ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ನೃತ್ಯ ಸಂಯೋಜಕ ಮಾರಿಯಸ್ ಪೆಟಿಪಾ 'ಸ್ಲೀಪಿಂಗ್ ಬ್ಯೂಟಿ' ಬ್ಯಾಲೆಯನ್ನು ರಂಗಕ್ಕೆ ತಂದದ್ದು 1890ರಲ್ಲಿ, 71ರ ವಯಸ್ಸಿನಲ್ಲಿ. 1898ರಲ್ಲಿ 'ರೇಮೊಂಡಾ' ಮಾಡಿದಾಗ ಅವರು ಎಂಬತ್ತರ ಹೊಸ್ತಿಲಲ್ಲಿದ್ದರು. ಅಲ್ಲಿನ ರಂಗಮಂದಿರದವರು ಆ ಬ್ಯಾಲೆಗಳ ಹೆಜ್ಜೆಗಳನ್ನು ಸ್ಟೆಪಾನೊವ್ ಎಂಬವರು ರೂಪಿಸಿದ ಲಿಪಿಯಲ್ಲಿ ಬರೆಸಿಟ್ಟರು. ಕ್ರಾಂತಿಯ ನಂತರ ಅದೇ ರಂಗಮಂದಿರದಲ್ಲಿದ್ದ ನಿಕೊಲಾಯ್ ಸೆರ್ಗೆಯೆವ್ ಆ ಹಾಳೆಗಳನ್ನು ದೇಶದಿಂದ ಹೊರಗೆ ಒಯ್ದರು. 1930ರ ದಶಕದಲ್ಲಿ ಲಂಡನ್ನಿನ ಕಲಾವಿದರು ಪೆಟಿಪಾ ಬ್ಯಾಲೆಗಳನ್ನು ಕಟ್ಟಿಕೊಂಡದ್ದು ಅವುಗಳ ಆಧಾರದಿಂದ. ಇವತ್ತು ಆ ಸಂಗ್ರಹ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿದೆ. ಆ ಲಿಪಿ ಬಲ್ಲವರು ಇದ್ದದ್ದರಿಂದ ಹಾಳೆಗಳು ಕೆಲಸಕ್ಕೆ ಬಂದವು.

ಅಮೆರಿಕದ ನೃತ್ಯ ಸಂಯೋಜಕ ಮರ್ಸ್ ಕನಿಂಗ್‌ಹ್ಯಾಮ್ ಅವರದು ಬೇರೆ ದಾರಿ. 2009ರ ಏಪ್ರಿಲ್‌ನಲ್ಲಿ, ತಮ್ಮ 90ನೇ ಹುಟ್ಟುಹಬ್ಬದ ದಿನವೇ ಹೊಸ ಕೃತಿಯೊಂದನ್ನು ನ್ಯೂಯಾರ್ಕಿನಲ್ಲಿ ತೋರಿಸಿದರು. ತಾವಿಲ್ಲದ ಮೇಲೆ ಏನಾಗಬೇಕು ಎಂಬ ಯೋಜನೆಯನ್ನೂ ಅದೇ ವರ್ಷ ಪ್ರಕಟಿಸಿದರು. ತಂಡ ಎರಡು ವರ್ಷ ಪ್ರವಾಸ ಮಾಡಿ ಮುಚ್ಚಬೇಕು, ಆಯ್ದ ಕೃತಿಗಳ ವಿಡಿಯೊ, ಟಿಪ್ಪಣಿ, ಬೆಳಕು, ವೇಷಭೂಷಣದ ವಿವರ ಎಲ್ಲವೂ ಒಂದೊಂದು ಕಟ್ಟಾಗಿ ಉಳಿಯಬೇಕು ಎಂದು. ಆ ಜುಲೈನಲ್ಲಿ ಅವರು ತೀರಿಕೊಂಡರು. 2011ರ ಕೊನೆಗೆ ತಂಡ ಹೇಳಿದಂತೆಯೇ ಮುಚ್ಚಿತು. ಅವರ ಕೃತಿಗಳನ್ನು ಬೇರೆ ಬೇರೆ ತಂಡಗಳು ಇಂದೂ ಕುಣಿಯುತ್ತಿವೆ.

ಇದೆಲ್ಲ ದೊಡ್ಡ ದೇಶಗಳ ಮಾತು ಎನ್ನಬೇಡಿ. ಬೆಂಗಳೂರಿನ ಮಾಯಾ ರಾವ್ 1960ರ ದಶಕದಲ್ಲೇ ಮಾಸ್ಕೊಗೆ ಹೋಗಿ ನೃತ್ಯ ಸಂಯೋಜನೆಯನ್ನು ಶಾಸ್ತ್ರವಾಗಿ ಕಲಿತು ಬಂದು, ಅದನ್ನೊಂದು ಪಠ್ಯವಾಗಿ ಕಲಿಸುವ ಸಂಸ್ಥೆ ಕಟ್ಟಿದರು. ಶಿವರಾಮ ಕಾರಂತರು ಎಪ್ಪತ್ತು ದಾಟಿದ ಮೇಲೂ ಯಕ್ಷಗಾನ ಬ್ಯಾಲೆಯ ತಂಡ ಕಟ್ಟಿಕೊಂಡು ದುಡಿದರು. ನಮ್ಮ ನಾಡಿಗೆ ಈ ಕೆಲಸ ಹೊಸದಲ್ಲ.

ಕೆಲವು ತಿಂಗಳ ಹಿಂದೆ ಈ ಕೋರಿಕೆ ಹಿಡಿದು ಒಂದು ಕಚೇರಿಗೆ ಹೋಗಿದ್ದೆ. "ವಯಸ್ಸಾದ ಕಲಾವಿದರಿಗೆ ಮಾಸಾಶನ ಇದೆಯಲ್ಲಮ್ಮ, ಅರ್ಜಿ ಹಾಕಿಸಿ" ಎಂದರು. ಮಾಸಾಶನ ಬೇಕು, ಎಷ್ಟೋ ಕಲಾವಿದರ ಮನೆಯಲ್ಲಿ ಒಲೆ ಉರಿಯುವುದೇ ಅದರಿಂದ. ಆದರೆ ಅದು ದುಡಿಯಲು ಆಗದವರ ಆಸರೆ. ದುಡಿಯುತ್ತಿರುವ ಹಿರಿಯ ಕಲಾವಿದೆಗೆ ಏನು ಕೊಡಬೇಕು ಎಂಬುದಕ್ಕೆ ಆ ಮೇಜಿನ ಮೇಲೆ ಯಾವ ಅರ್ಜಿ ನಮೂನೆಯೂ ಇರಲಿಲ್ಲ. ನನಗೆ ನೋವಾದದ್ದು ಅದಕ್ಕೆ.

ನಾವು ಈಗ ಅಭ್ಯಾಸ ಮಾಡುವುದು ಒಂದು ಕಲ್ಯಾಣ ಮಂಟಪದ ಊಟದ ಹಾಲಿನಲ್ಲಿ. ಲಗ್ನದ ತಿಂಗಳು ಬಂದರೆ ನಾವು ಹೊರಗೆ. ನೆಲ ಗ್ರಾನೈಟಿನದು. ಗಟ್ಟಿ ನೆಲದ ಮೇಲೆ ದಿನವೂ ತಟ್ಟಿದರೆ ಏನಾಗುತ್ತದೆ ಎಂಬುದಕ್ಕೆ ಟೀಚರ್ ಮಂಡಿಯೇ ಸಾಕ್ಷಿ. ಬ್ಯಾಲೆ ಶಾಲೆಗಳಲ್ಲಿ ಕಾಂಕ್ರೀಟಿನ ಮೇಲೆ ಪಟ್ಟಿ ಜೋಡಿಸಿ, ನಡುವೆ ಗಾಳಿ ಆಡುವಷ್ಟು ಜಾಗ ಬಿಟ್ಟು, ಮೇಲೆ ಮರದ ಹಲಗೆ ಹಾಕುತ್ತಾರೆ. ಕಾಲು ಬಿದ್ದಾಗ ನೆಲ ತುಸು ಬಾಗಿ ಪೆಟ್ಟನ್ನು ನುಂಗುತ್ತದೆ. ನಮ್ಮ ಬಡಗಿಗಳಿಗೆ ಇದು ಕಷ್ಟದ ಕೆಲಸವಲ್ಲ. ನಗರದಲ್ಲಿ ಖಾಲಿ ಬಿದ್ದಿರುವ ಯಾವುದಾದರೂ ಸರ್ಕಾರಿ ಕಟ್ಟಡದ ಒಂದು ಹಾಲಿಗೆ ಅಂಥ ನೆಲ ಹಾಕಿಸಿಕೊಡಿ. ಅಲ್ಲಿಯವರೆಗೆ ಕುವೆಂಪು ಕಲಾಮಂದಿರದಲ್ಲಿ ಕಾರ್ಯಕ್ರಮ ಇಲ್ಲದ ಸಂಜೆಗಳಲ್ಲಿ ಬಾಡಿಗೆಯಿಲ್ಲದೆ ಅಭ್ಯಾಸಕ್ಕೆ ಬಿಡಿಸಿ. ಆಲ್ದೂರು, ಮಲ್ಲಂದೂರು ಕಡೆಯ ಮಕ್ಕಳು ಕತ್ತಲಾಗುವ ಮೊದಲು ಬಸ್ಸು ಹಿಡಿಯಬೇಕು, ಆದ್ದರಿಂದ ನಾವು ತಡರಾತ್ರಿಯವರೆಗೆ ಇರುವವರಲ್ಲ.

ದಾಖಲಾತಿಯ ಬಗ್ಗೆ ಒಂದು ವಿನಂತಿ. ದಯವಿಟ್ಟು ಪ್ರದರ್ಶನವನ್ನು ಮಾತ್ರ ಶೂಟ್ ಮಾಡಿಸಬೇಡಿ. ಅಂಥ ವಿಡಿಯೊಗಳು ನಮ್ಮಲ್ಲಿವೆ. ಕ್ಯಾಮೆರಾ ನಾಯಕಿಯ ಮುಖದ ಹಿಂದೆಯೇ ಹೋಗುತ್ತದೆ, ಹಿಂದಿನ ಸಾಲಿನ ಮಕ್ಕಳು ಏನು ಮಾಡಿದರೆಂದು ತಿಳಿಯುವುದೇ ಇಲ್ಲ. ಬ್ಯಾಲೆಯ ಜೀವ ಇರುವುದೇ ಆ ಸಾಲುಗಳಲ್ಲಿ. ಅಭ್ಯಾಸವನ್ನು ಚಿತ್ರೀಕರಿಸಿ. ಒಂದು ಕ್ಯಾಮೆರಾ ಎತ್ತರದಿಂದ ಇಡೀ ರಂಗವನ್ನು ನೋಡುತ್ತಿರಲಿ, ಇನ್ನೊಂದು ಟೀಚರ್ ಕೈ ಮತ್ತು ಮುಖದ ಮೇಲಿರಲಿ. ಅವರು ತಿದ್ದುವ ಮಾತು ಸ್ಪಷ್ಟವಾಗಿ ಕೇಳುವಂತಿರಲಿ. ಪುಸ್ತಕಗಳು ಸ್ಕ್ಯಾನ್ ಆಗಲಿ. ಪ್ರತಿ ಪುಟದ ಬಾಣಕ್ಕೂ ಅವರನ್ನೇ ಕೇಳಿ ಅರ್ಥ ಬರೆಯಲು ಒಬ್ಬ ಯುವ ನೃತ್ಯಗಾರ್ತಿಗೆ ಒಂದು ವರ್ಷದ ಗೌರವಧನ ಕೊಡಿ. ಪಿಯುಸಿ ಮುಗಿಯುತ್ತಲೇ ಬೆಂಗಳೂರಿಗೆ ಹೊರಡುವ ನಮ್ಮ ಹುಡುಗಿಯರಲ್ಲಿ ಒಬ್ಬಳಾದರೂ ಆ ಕಾರಣಕ್ಕೆ ಊರಲ್ಲಿ ಉಳಿದಾಳು.

ಪಕ್ಕದ ಬೇಲೂರಿನ ಕಲ್ಲಿನ ನರ್ತಕಿಯರಿಗೆ 2023ರಲ್ಲಿ ಯುನೆಸ್ಕೊ ಪಟ್ಟಿಯಲ್ಲಿ ಜಾಗ ಸಿಕ್ಕಿತು. ಆ ಹೆಮ್ಮೆ ನನಗೂ ಇದೆ. ಕಲ್ಲು ಇನ್ನೂ ನೂರಾರು ವರ್ಷ ಕಾಯುತ್ತದೆ. ಟೀಚರ್‌ಗೆ ಬರುವ ಯುಗಾದಿಗೆ ಎಂಬತ್ತು.

ಭಾನುವಾರ ಬೆಳಗ್ಗೆ ಹತ್ತರಿಂದ ನಮ್ಮ ಅಭ್ಯಾಸ ಇರುತ್ತದೆ. ತಾವು ಜಿಲ್ಲೆಗೆ ಬಂದಾಗ ಒಂದು ಗಂಟೆ ಬಿಡುವು ಮಾಡಿಕೊಂಡು ಬನ್ನಿ. ಹಾರ ತರುವುದು ಬೇಡ. ಲೋಕೋಪಯೋಗಿ ಇಲಾಖೆಯ ಎಂಜಿನಿಯರ್ ಒಬ್ಬರನ್ನು ಜೊತೆಗೆ ಕರೆತನ್ನಿ, ಎಷ್ಟು ಅಳತೆಯ ನೆಲ ಬೇಕೆಂದು ಟೀಚರ್ ಅವರಿಗೆ ತೋರಿಸುತ್ತಾರೆ.

ಇತಿ ತಮ್ಮ ವಿಶ್ವಾಸಿ,
ಟೀಚರ್ ಅವರ ಹಳೆಯ ಶಿಷ್ಯೆ, ಈಗ ನೃತ್ಯ ಶಿಕ್ಷಕಿ
ಚಿಕ್ಕಮಗಳೂರು