ಕೊನೆಯ ಎರಡು ಪ್ಯಾರಾ ತೆಗೆದು ಓದಿದೆ

ಖಡಕಿ, ಪುಣೆ
ಭಾನುವಾರ ಮಧ್ಯಾಹ್ನ

ಪ್ರೀತಿಯ ಮಗಳೇ,

ನೀನು ಕಳಿಸಿದ ಕಥೆ ಬುಧವಾರವೇ ಕೈಸೇರಿತು. ಅಂದೇ ಓದಿದೆ, ಮರುದಿನ ಮತ್ತೊಮ್ಮೆ ಓದಿದೆ, ಇವತ್ತು ಆರಾಧನೆ ಮುಗಿಸಿ ಬಂದು ಊಟಕ್ಕೂ ಮೊದಲು ಮೂರನೆಯ ಸಲ ಓದಿದೆ. ಫೋನು ಮಾಡಿದ್ದರೆ ‘ಚಲೋ ಬಂದೈತಿ’ ಅಂತ ನಾನು ಅನ್ನುತ್ತಿದ್ದೆ, ನೀನು ಸಂತೋಷದಿಂದ ಇಟ್ಟುಬಿಡುತ್ತಿದ್ದೆ, ಹೇಳಬೇಕಾದ್ದು ನನ್ನ ಎದೆಯಲ್ಲೇ ಉಳಿಯುತ್ತಿತ್ತು. ಅದಕ್ಕೇ ಕಾಗದ ಹಿಡಿದಿದ್ದೇನೆ.

ಗೋರೆಗಾಂವಿನ ನಿಮ್ಮ ಚರ್ಚಿನ ಸಭೆಯವರು ಯುವಜನರ ಪತ್ರಿಕೆಗೆ ಬರೆಯಲು ನಿನ್ನನ್ನು ಕೇಳಿದ್ದು ನನಗೆ ಬಹಳ ಸಮಾಧಾನ ತಂದಿದೆ. ನಮ್ಮ ಮನೆತನದಲ್ಲಿ ಹಾಡುವವರಿದ್ದರು, ಚರ್ಚಿನಲ್ಲಿ ಪ್ರಸಂಗ (ಉಪದೇಶ) ಮಾಡುವವರಿದ್ದರು. ಕಥೆ ಬರೆಯುವ ಕೈ ನಿನ್ನದೊಂದೇ. ಈ ಕೆಲಸವನ್ನು ಸಣ್ಣದೆಂದು ತಿಳಿಯಬೇಡ. ಹದಿನೇಳು ಹದಿನೆಂಟರ ಹುಡುಗರು ಪ್ರಸಂಗದ ಹೊತ್ತಿನಲ್ಲಿ ಹಿಂದಿನ ಬೆಂಚಿನಲ್ಲಿ ಕೂತು ಮೊಬೈಲ್ ನೋಡುತ್ತಾರೆ, ಆದರೆ ರಾತ್ರಿ ಒಬ್ಬರೇ ಇದ್ದಾಗ ಕಥೆ ಓದುತ್ತಾರೆ. ಅಂಥ ಹೊತ್ತಿನಲ್ಲಿ ನೀನು ಅವರ ಪಕ್ಕದಲ್ಲಿ ಕೂತಿರುತ್ತೀಯ.

ಈಗ ನಿನ್ನ ಕಥೆಗೆ ಬರುತ್ತೇನೆ. ಕೆಲಸ ಹೋದ ಹುಡುಗ. ಮನೆಯಲ್ಲಿ ಹೇಳಿಲ್ಲ. ಅವ್ವ ಕಟ್ಟಿಕೊಟ್ಟ ಡಬ್ಬಿ ಹಿಡಿದು ದಿನಾ ಬೆಳಿಗ್ಗೆ ಅದೇ ಲೋಕಲ್ ಹತ್ತುತ್ತಾನೆ, ಮೂವರ ಸೀಟಿನ ತುದಿಯಲ್ಲಿ ನಾಲ್ಕನೆಯವನಾಗಿ ಕೂರುತ್ತಾನೆ, ಬಾಂದ್ರಾದಲ್ಲಿ ಇಳಿದು ಸಂಜೆಯವರೆಗೆ ಅಲೆಯುತ್ತಾನೆ. ಒಂದು ದಿನ ಗುಡ್ಡದ ಮೇಲಿನ ಮೌಂಟ್ ಮೇರಿ ಚರ್ಚಿನ ಹತ್ತಿರ ಹೋಗುತ್ತಾನೆ. ಮೇಣದ ಕೈ, ಮೇಣದ ಕಾಲು, ಮೇಣದ ಮನೆ, ಮೇಣದ ಮಗು ಮಾರುವ ಹೆಂಗಸು ‘ನಿನಗೇನು ಬೇಕು’ ಎಂದು ಕೇಳುತ್ತಾಳೆ. ತನ್ನ ಕಷ್ಟಕ್ಕೆ ಯಾವ ಆಕಾರ ಅಂತ ಅವನಿಗೆ ಹೊಳೆಯುವುದಿಲ್ಲ. ಸುಮ್ಮನೆ ಮೆಟ್ಟಿಲ ಮೇಲೆ ಕೂತು ಡಬ್ಬಿ ಬಿಚ್ಚುತ್ತಾನೆ.

ಇಲ್ಲಿಗೆ ಬಂದಾಗ ನಾನು ಕನ್ನಡಕ ತೆಗೆದಿಟ್ಟೆ. ಮೇಣದ ಹರಕೆ ನಮ್ಮ ಸಭೆಯ ಪದ್ಧತಿಯಲ್ಲ, ಹಿರಿಯರೊಬ್ಬರು ಆಕ್ಷೇಪ ಎತ್ತಲೂಬಹುದು. ನೀನು ಅದನ್ನು ತೆಗೆಯಬೇಡ. ಮುಂಬೈಯಲ್ಲಿ ಬೆಳೆದ ನಮ್ಮ ಯಾವ ಹುಡುಗ ಸಪ್ಟೆಂಬರಿನ ಆ ಜಾತ್ರೆ ನೋಡಿಲ್ಲ? ಹಿಂದೂಗಳು, ಮುಸಲ್ಮಾನರು, ಪಾರ್ಸಿಗಳು ಎಲ್ಲರೂ ಏರುವ ಗುಡ್ಡ ಅದು.

ಅದರ ಮುಂದೆ ಎರಡು ಪ್ಯಾರಾ ಇವೆ. ಯಾರೋ ಒಬ್ಬ ಅಂಕಲ್ ಬಂದು ಬೈಬಲಿನ ಪ್ರವಾದಿ ಯೆರೆಮೀಯನ ವಾಕ್ಯ ಹೇಳುತ್ತಾರೆ, ಹುಡುಗ ಅಳುತ್ತಾನೆ, ಮೊಣಕಾಲೂರುತ್ತಾನೆ, ಮಾರನೆಯ ವಾರ ಮೊದಲಿಗಿಂತ ಹೆಚ್ಚು ಸಂಬಳದ ಕೆಲಸ ಸಿಗುತ್ತದೆ. ಆ ಎರಡು ಪ್ಯಾರಾ ಮುಚ್ಚಿಟ್ಟು ಕಥೆಯನ್ನು ಮತ್ತೆ ಓದಿದೆ. ನಿಂತಿತು ಮಗಳೇ, ಕಥೆ ತನ್ನ ಕಾಲ ಮೇಲೆ ನಿಂತಿತು.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆಂದರೆ, ನಿನ್ನ ವಯಸ್ಸಿನಲ್ಲಿ ನಾನೂ ಇಂಥದ್ದೇ ಕಥೆ ಬರೆದಿದ್ದೆ. ಈ ಮಾತು ನಿನ್ನ ಅಪ್ಪನಿಗೂ ಗೊತ್ತಿಲ್ಲ. ಆಗ ನಾನು ಇಲ್ಲಿ ಆಸ್ಪತ್ರೆಯಲ್ಲಿ ನರ್ಸ್, ಭಾನುವಾರ ಸಂಡೇಸ್ಕೂಲಿನ ಟೀಚರ್. ಕ್ರಿಸ್‌ಮಸ್ ಸಂಚಿಕೆಗೆ ಒಂದು ಕಥೆ ಕೊಟ್ಟೆ: ತಮ್ಮನಿಗೆ ವಿಷಮಜ್ವರ, ಡಾಕ್ಟರು ಕೈಬಿಟ್ಟರು, ಅಕ್ಕ ರಾತ್ರಿಯಿಡೀ ಪ್ರಾರ್ಥಿಸಿದಳು, ಬೆಳಗಾಗುವಾಗ ಜ್ವರ ಇಳಿದಿತ್ತು. ಎಲ್ಲರೂ ಹೊಗಳಿದರು. ಎರಡು ತಿಂಗಳ ಮೇಲೆ ನನ್ನದೇ ಕ್ಲಾಸಿನ ಒಬ್ಬ ಹುಡುಗಿಯ ತಮ್ಮ ಮಿದುಳು ಜ್ವರದಿಂದ ತೀರಿಕೊಂಡ. ಮಣ್ಣು ಮಾಡಿ ಬಂದ ಸಂಜೆ ಆ ಹುಡುಗಿ ನನ್ನ ಸೆರಗು ಹಿಡಿದು ಕೇಳಿದಳು: ‘ಟೀಚರ್, ನಾನು ನಡುವೆ ನಿದ್ದೆ ಮಾಡಿಬಿಟ್ಟೆ, ಅದಕ್ಕೇ ಹೀಗಾಯಿತಾ?’

ಹನ್ನೆರಡು ವರ್ಷದ ಮಗು. ಆ ಅಪರಾಧವನ್ನು ಅವಳ ತಲೆಗೆ ಕಟ್ಟಿದ್ದು ನನ್ನ ಕಥೆ. ನಾನು ಆ ರಾತ್ರಿ ಅವಳ ಜೊತೆ ಕೂತೆ, ಏನೇನೋ ಹೇಳಿದೆ, ಯಾವುದೂ ಸಾಲಲಿಲ್ಲ. ವಾರ್ಡಿನಲ್ಲಿ ಎಷ್ಟೋ ಅಕ್ಕಂದಿರು ರಾತ್ರಿಯಿಡೀ ಪ್ರಾರ್ಥಿಸಿದ್ದನ್ನೂ, ಬೆಳಗಿನ ಜಾವ ಮಂಚ ಖಾಲಿಯಾದದ್ದನ್ನೂ ಕಣ್ಣಾರೆ ಕಂಡವಳು ನಾನು. ಕಂಡದ್ದನ್ನು ಬಿಟ್ಟು ಹಿತವಾದದ್ದನ್ನು ಬರೆದಿದ್ದೆ. ಅದಾದ ಮೇಲೆ ಎಂಟು ವರ್ಷ ನಾನು ಒಂದು ಸಾಲೂ ಬರೆಯಲಿಲ್ಲ.

ಪ್ರಾರ್ಥನೆಗೆ ಉತ್ತರ ಸಿಗುವ ಕಥೆ ಬರೆಯಲೇಬೇಡ ಅನ್ನುತ್ತಿಲ್ಲ. ಸಿಕ್ಕಿದ್ದನ್ನೂ ನಾನು ಕಂಡಿದ್ದೇನೆ, ಅದಕ್ಕೆ ಸಾಕ್ಷಿ ಹೇಳುತ್ತೇನೆ. ಆದರೆ ದೇವರ ಪರವಾಗಿ ನೀನು ಮಾತು ಕೊಡಬೇಡ. ಆತನು ಕೊಡದ ಮಾತನ್ನು ಓದುವ ಹುಡುಗ ನಂಬಿ ಕೂತರೆ, ಅದು ಮುರಿದಾಗ ಅವನು ನಿನ್ನನ್ನು ದೂರುವುದಿಲ್ಲ, ಆತನನ್ನು ಬಿಟ್ಟು ಹೋಗುತ್ತಾನೆ.

ನಿನ್ನ ಅಂಕಲ್ ಹೇಳಿದ ವಾಕ್ಯವನ್ನೇ ನೋಡು. ಯೆರೆಮೀಯ 29ನೆಯ ಅಧ್ಯಾಯದ 11ನೆಯ ವಚನ, ನಿಮ್ಮ ಮೇಲಿನ ನನ್ನ ಆಲೋಚನೆ ಹಿತಕ್ಕಾಗಿದೆ ಎನ್ನುವ ಮಾತು. ಕ್ಯಾಲೆಂಡರಿನಲ್ಲಿ, ಕಾಫಿ ಮಗ್ಗಿನಲ್ಲಿ, ಹೊಸ ಬೈಕಿನ ಮೇಲೆ ಎಲ್ಲ ಕಡೆ ಅದು ಇರುತ್ತದೆ. ಅದರ ಹಿಂದಿನ 10ನೆಯ ವಚನವನ್ನು ಯಾರೂ ಅಂಟಿಸುವುದಿಲ್ಲ. ಬಾಬೆಲಿನಲ್ಲಿ 70 ವರ್ಷ ತುಂಬಿದ ಮೇಲೆ, ಅಂತಿದೆ ಅಲ್ಲಿ. ಯೆರೂಸಲೇಮಿನಿಂದ ಬಾಬೆಲಿಗೆ ಸೆರೆಹೋದವರಿಗೆ ಹೇಳಿದ ಮಾತದು. ಕೇಳಿಸಿಕೊಂಡವರಲ್ಲಿ ಹೆಚ್ಚಿನವರು ಆ ದಿನ ನೋಡುವ ಮುಂಚೆ ಸಾಯುವವರು. ಹಿಂದಿನ ಅಧ್ಯಾಯದಲ್ಲಿ ಹನನ್ಯ ಅನ್ನುವ ಪ್ರವಾದಿ ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತದೆ ಎಂದು ಹೇಳಿ ಜನರನ್ನು ಖುಷಿಪಡಿಸಿದ್ದ. ಅದು ಸುಳ್ಳಾಗಿತ್ತು. ಯೆರೆಮೀಯ ಬರೆದದ್ದೂ ಒಂದು ಕಾಗದವೇ, ಯೆರೂಸಲೇಮಿನಿಂದ ದೂರದ ಊರಿಗೆ ಹೋದ ಕಾಗದ: ಮನೆ ಕಟ್ಟಿಕೊಳ್ಳಿ, ತೋಟ ಮಾಡಿ ಹಣ್ಣು ತಿನ್ನಿ, ಮಕ್ಕಳ ಮದುವೆ ಮಾಡಿ, ನೀವಿರುವ ಆ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿ, ಅದರ ಕ್ಷೇಮದಲ್ಲೇ ನಿಮ್ಮ ಕ್ಷೇಮವಿದೆ.

ಬೆಟಗೇರಿಯಿಂದ, ಹುಬ್ಬಳ್ಳಿಯಿಂದ, ಉಡುಪಿಯಿಂದ ಹೊಟ್ಟೆಪಾಡಿಗೆ ಬಂದು ಮುಂಬೈಯ ಚಾಳುಗಳಲ್ಲಿ ನೆಲೆ ನಿಂತವರ ಮೊಮ್ಮಕ್ಕಳಿಗೆ ಇದಕ್ಕಿಂತ ಹತ್ತಿರದ ಅಧ್ಯಾಯ ಇನ್ನಾವುದಿದೆ? ಒಂದೇ ವಚನ ಕಿತ್ತು ತರುವ ಬದಲು ಇಡೀ ಕಾಗದವನ್ನು ಕಥೆ ಮಾಡು. ಹಾಗೆಯೇ ಫಿಲಿಪ್ಪಿಯ ಸಭೆಯವರಿಗೆ ಅಪೊಸ್ತಲ ಪೌಲ ಬರೆದ ಕಾಗದದ ಮಾತು, ನನ್ನನ್ನು ಬಲಪಡಿಸುವಾತನಲ್ಲಿ ಎಲ್ಲಕ್ಕೂ ಶಕ್ತನು ಎಂಬುದನ್ನು ಪರೀಕ್ಷೆಯ ಮಾರ್ಕಿಗೂ ಕ್ರಿಕೆಟ್ ಮ್ಯಾಚಿಗೂ ಅಂಟಿಸುತ್ತಾರೆ. ಹಸಿವಿನಲ್ಲೂ ಇರಬಲ್ಲೆ, ಸಮೃದ್ಧಿಯಲ್ಲೂ ಇರಬಲ್ಲೆ ಎಂದು ಸೆರೆಯಲ್ಲಿ ಕೂತವನು ಹೇಳಿದ್ದದು. ಹಿಂದಿನ ಹತ್ತು, ಮುಂದಿನ ಹತ್ತು ವಚನ ಓದದೆ ಯಾವ ವಾಕ್ಯವನ್ನೂ ನಿನ್ನ ಪಾತ್ರದ ಬಾಯಿಗೆ ಹಾಕಬೇಡ.

ಯೇಸುಸ್ವಾಮಿಯೇ ಹೇಳಿದ ಸಾಮ್ಯಗಳು, ಅಂದರೆ ದೃಷ್ಟಾಂತದ ಕಥೆಗಳು, ಹೇಗೆ ನಿಲ್ಲುತ್ತವೆ, ಗಮನಿಸಿದ್ದೀಯಾ? ಆಸ್ತಿ ಕಳೆದು ಮನೆಗೆ ಮರಳಿದ, ತಪ್ಪಿಹೋದ ಮಗನ ಕಥೆ ನಾವು ಅಪ್ಪುಗೆಗೆ, ಔತಣಕ್ಕೆ ಮುಗಿಸಿಬಿಡುತ್ತೇವೆ. ಲೂಕನ 15ನೆಯ ಅಧ್ಯಾಯ ಅಲ್ಲಿಗೆ ಮುಗಿಯುವುದಿಲ್ಲ. ಹೊಲದಿಂದ ಬಂದ ಹಿರಿಯ ಮಗ ಸಿಟ್ಟಾಗಿ ಬಾಗಿಲ ಹೊರಗೆ ನಿಂತಿದ್ದಾನೆ. ಒಳಗೆ ವಾದ್ಯದ ಸದ್ದು. ತಂದೆ ಹೊರಗೆ ಬಂದು ಬೇಡಿಕೊಳ್ಳುತ್ತಿದ್ದಾನೆ. ಅವನು ಒಳಗೆ ಹೋದನೋ ಇಲ್ಲವೋ? ಬರೆದಿಲ್ಲ. ಮೂವತ್ತು ವರ್ಷ ಸಂಡೇಸ್ಕೂಲಿನಲ್ಲಿ ಆ ಕಥೆ ಹೇಳಿದ್ದೇನೆ. ‘ಆಮೇಲೆ ಏನಾಯ್ತು’ ಎಂದು ಪ್ರತಿ ವರ್ಷ ಒಂದಾದರೂ ಮಗು ಕೇಳಿದೆ. ಪ್ರವಾದಿ ಯೋನನ ಪುಸ್ತಕ ಕೊನೆಯಾಗುವುದು ದೇವರ ಪ್ರಶ್ನೆಯಿಂದ. ಬಾಡಿದ ಸೋರೆಗಿಡಕ್ಕೆ ಮರುಗುವ ನಿನಗೆ, 1,20,000ಕ್ಕಿಂತ ಹೆಚ್ಚು ಜನವೂ ಬಹಳ ದನಗಳೂ ಇರುವ ನಿನೆವೆಗೆ ನಾನು ಮರುಗಬಾರದೋ ಎನ್ನುತ್ತಾನೆ. ಯೋನನ ಉತ್ತರ ಇಲ್ಲ. 88ನೆಯ ಕೀರ್ತನೆ ಕತ್ತಲಲ್ಲೇ ನಿಲ್ಲುತ್ತದೆ, ಸಮಾಧಾನದ ಒಂದು ಸಾಲೂ ಕೊನೆಗೆ ಬರುವುದಿಲ್ಲ. ಅದನ್ನು ಯಾರೂ ಸತ್ಯವೇದದಿಂದ (ಬೈಬಲಿನಿಂದ) ತೆಗೆಯಲಿಲ್ಲ. ನಿನ್ನ ಪತ್ರಿಕೆಯಲ್ಲೂ ಅಂಥದ್ದಕ್ಕೆ ಒಂದು ಪುಟ ಇರಲಿ. ಮಾರ್ಕನ 9ರಲ್ಲಿ ಮಗನ ರೋಗದಿಂದ ಸೋತುಹೋದ ಒಬ್ಬ ತಂದೆ ಇದ್ದಾನಲ್ಲ, ನಂಬುತ್ತೇನೆ ಅನ್ನುತ್ತಾನೆ, ಅದೇ ಉಸಿರಿನಲ್ಲಿ ತನ್ನ ಅಪನಂಬಿಕೆಗೆ ಸಹಾಯ ಬೇಡುತ್ತಾನೆ. ಸ್ವಾಮಿ ಅವನನ್ನು ಗದರಿಸಲಿಲ್ಲ. ನಮ್ಮ ಹುಡುಗರಲ್ಲಿ ಬಹುಪಾಲು ಅವನ ಸಾಲಿನಲ್ಲೇ ನಿಂತಿದ್ದಾರೆ ಎಂದು ನನಗನಿಸುತ್ತದೆ.

ಇನ್ನು ಭಾಷೆ. ನಿನ್ನ ಕಥೆಯಲ್ಲಿ ಮೆಟ್ಟಿಲಿನವರೆಗೆ ಹುಡುಗ ನಮ್ಮ ಮನೆಯ ಕನ್ನಡ ಆಡುತ್ತಾನೆ. ಪ್ರಾರ್ಥನೆಗೆ ಕೂತ ಕೂಡಲೇ ‘ಓ ಪರಲೋಕದ ಒಡೆಯನೇ, ಪಾಪಿಯಾದ ನನ್ನನ್ನು ಕಟಾಕ್ಷಿಸು’ ಅನ್ನುತ್ತಾನೆ. ಇಪ್ಪತ್ತೆರಡರ ಯಾವ ಹುಡುಗ ಹಾಗೆ ಪ್ರಾರ್ಥಿಸುತ್ತಾನೆ? ‘ಸ್ವಾಮೀ, ಅವ್ವಗ ಏನ್ ಹೇಳ್ಲಿ?’ ಅನ್ನಲಿ, ಸಾಕು. ಮತ್ತೊಂದು, ಅಲ್ಲಿನ ನಮ್ಮ ಮಕ್ಕಳಲ್ಲಿ ಅರ್ಧಕ್ಕರ್ಧ ಕನ್ನಡ ಆಡುತ್ತಾರೆ, ಓದಲು ತಡವರಿಸುತ್ತಾರೆ. ಅವರಿಗೆ ಯಾರಾದರೂ ಓದಿ ಹೇಳಬೇಕಾಗುತ್ತದೆ. ಆದ್ದರಿಂದ ಬರೆದದ್ದನ್ನು ಮೊದಲು ಗಟ್ಟಿಯಾಗಿ ಓದು. ಉಸಿರು ಸಿಕ್ಕಿಕೊಂಡ ಕಡೆ ವಾಕ್ಯ ಕಡಿ.

ಪುಣೆಯಿಂದ ದೌಂಡ್ ಕಡೆ ಹೋಗುವ ಗಾಡಿಯಲ್ಲಿ ಕೇಡಗಾಂವ್ ಬರುತ್ತದೆ, ಪಂಡಿತಾ ರಮಾಬಾಯಿ ದಿಕ್ಕಿಲ್ಲದ ಹೆಂಗಸರಿಗೆ ಆಶ್ರಯವಾಗಿ ಮುಕ್ತಿ ಮಿಷನ್ ಕಟ್ಟಿದ ಊರು. ನಿನ್ನನ್ನು ಚಿಕ್ಕವಳಿದ್ದಾಗ ಕರೆದುಕೊಂಡು ಹೋಗಿದ್ದೆ, ನೀನು ಬಾವಿ ನೋಡಿ ಹೆದರಿದ್ದೆ. 1858ರಲ್ಲಿ ನಮ್ಮ ಪಶ್ಚಿಮಘಟ್ಟದ ಕಾಡಿನಲ್ಲಿ ಹುಟ್ಟಿದ ಹೆಣ್ಣುಮಗಳು, ಬಾಲ್ಯದಲ್ಲೇ ಸಂಸ್ಕೃತ ಅರೆದು ಕುಡಿದವಳು. ಅಂಥ ವಿದುಷಿ ಸತ್ಯವೇದವನ್ನು ಮರಾಠಿಗೆ ತರುವಾಗ ಪಂಡಿತರ ಮಾತನ್ನು ಬದಿಗಿಟ್ಟು, ಬರಗಾಲದಲ್ಲಿ ತನ್ನ ಆಶ್ರಯಕ್ಕೆ ಬಂದ ಹಳ್ಳಿಯ ಹೆಂಗಸರಿಗೆ ತಿಳಿಯುವ ಮಾತು ಹುಡುಕಿದಳು. ವರ್ಷಗಟ್ಟಲೆ ಒಬ್ಬಳೇ ಕೂತು ಮಾಡಿದ ಕೆಲಸ. ಅಕ್ಷರ ಜೋಡಿಸಿ ಅಚ್ಚು ಹಾಕಿದ್ದೂ ಅದೇ ಹೆಂಗಸರು. 1921ರಲ್ಲಿ ಒಬ್ಬಳೇ ಮಗಳು ಮನೋರಮಾ ತೀರಿಕೊಂಡಳು, 1922ರ ಏಪ್ರಿಲ್‌ನಲ್ಲಿ ತಾನೂ ಹೋದಳು. ಇವಳ ಮೇಲೆ ಒಂದು ಲೇಖನ ಬರೆ. ಬರೆಯುವಾಗ ದೊಡ್ಡ ಬಿರುದು ಹಚ್ಚಬೇಡ, ಮಗಳು ಹೋದ ಮೇಲಿನ ಆ ಎಂಟೊಂಬತ್ತು ತಿಂಗಳ ಬಗ್ಗೆ ಯೋಚಿಸು.

ನಮ್ಮವರಲ್ಲಿ ಉತ್ತಂಗಿ ಚನ್ನಪ್ಪನವರಿದ್ದಾರೆ. ಪಾದ್ರಿಗಳಾಗಿದ್ದುಕೊಂಡೇ ಸರ್ವಜ್ಞನ ವಚನಗಳನ್ನು ಹುಡುಕಿ ಕೂಡಿಸಿ 1924ರಲ್ಲಿ ಪುಸ್ತಕ ಮಾಡಿದರು. 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನಕ್ಕೆ ಕನ್ನಡಿಗರು ಅವರನ್ನೇ ಅಧ್ಯಕ್ಷರನ್ನಾಗಿ ಕೂರಿಸಿದರು. ನಿಘಂಟಿನ ಕಿಟೆಲ್ ಸಾಹೇಬರು ಸ್ವಾಮಿಯ ಚರಿತ್ರೆಯನ್ನು ಹಾಡಿದ್ದು ಕನ್ನಡದ್ದೇ ಛಂದಸ್ಸಿನಲ್ಲಿ. ಇವರೆಲ್ಲ ಮೊದಲು ನೆರೆಯವರ ಹಾಡಿಗೆ ಕಿವಿಗೊಟ್ಟವರು. ಅದಕ್ಕೇ ಹೇಳುತ್ತೇನೆ, ನಿನ್ನ ಕಥೆಯಲ್ಲಿ ಬೇರೆ ದೇವರಿಗೆ ಕೈಮುಗಿಯುವವರು ಕೆಟ್ಟವರಾಗಿಯೇ ಬರುವುದು ಬೇಡ. ಆಷಾಢ ಏಕಾದಶಿಗೆ ಪಂಢರಪುರ ಸೇರಲು ದೇಹೂವಿನ ಸಂತ ತುಕಾರಾಮರ ಪಾಲಖಿ ಹಳೆಯ ಮುಂಬೈ ರಸ್ತೆಯಲ್ಲಿ ಬರುತ್ತದಲ್ಲ, ನಾನು ಪ್ರತಿ ವರ್ಷ ನೀರಿನ ಕೊಡ ಇಟ್ಟುಕೊಂಡು ನಿಲ್ಲುತ್ತೇನೆ. ಒಡೆದ ಕಾಲಿನ ಒಬ್ಬ ಮುದುಕಿ ಒಮ್ಮೆ ನೀರು ಕುಡಿದು ನನ್ನ ಕೆನ್ನೆ ಸವರಿ ‘ಮಾವುಲೀ’, ಅಂದರೆ ಅವ್ವಾ, ಎಂದಳು. ಅವಳನ್ನು ಮರೆತು ನಾನು ನೆರೆಯವರ ಬಗ್ಗೆ ಏನು ಬರೆಯಲಿ?

ದೇವರು ತಮಗೆ ಮಾಡಿದ್ದನ್ನು ಜನ ಹೇಳಿಕೊಳ್ಳುವ ಸಾಕ್ಷಿಗಳ ಬಗ್ಗೆ ಒಂದು ಮಾತು. ಪ್ರಾರ್ಥನಾ ಕೂಟದಲ್ಲಿ ಯಾರೋ ಅತ್ತು ಹೇಳಿದ್ದನ್ನು ಹೆಸರು ಬದಲಿಸಿ ಬರೆಯಬೇಡ. ಮುಂಬೈ ಎಷ್ಟೇ ದೊಡ್ಡದಿರಲಿ, ನಮ್ಮ ಸಭೆ ಒಂದು ಓಣಿಯಷ್ಟೇ, ಎರಡನೆಯ ಸಾಲಿಗೆ ಗುರುತು ಹಿಡಿಯುತ್ತಾರೆ. ಬರೆಯಲೇಬೇಕಾದರೆ ಅವರ ಮುಂದೆ ಕೂತು ಓದಿ ತೋರಿಸು, ಬೇಡ ಅಂದರೆ ಹರಿದುಹಾಕು. ವಾಟ್ಸಾಪಿನಲ್ಲಿ ಬರುವ ಅದ್ಭುತಗಳನ್ನು, ಊರು ಗೊತ್ತಿಲ್ಲದ, ಆಸ್ಪತ್ರೆ ಗೊತ್ತಿಲ್ಲದ ಅದ್ಭುತಗಳನ್ನು, ಎತ್ತಿ ಹಾಕಲೇಬೇಡ. ಸತ್ಯವಾದವನ ಬಗ್ಗೆ ಬರೆಯುವಾಗ ಸುಳ್ಳಿನ ಆಸರೆ ಯಾತಕ್ಕೆ?

ನನ್ನ ಹಳೆಯ ನೋಟುಬುಕ್ಕನ್ನು ಮುಂದಿನ ವಾರ ಡೆಕ್ಕನ್ ಕ್ವೀನಿಗೆ ಬರುವ ನಿನ್ನ ಅಣ್ಣನ ಕೈಯಲ್ಲಿ ಕಳಿಸುತ್ತೇನೆ. ಎಂಟು ವರ್ಷ ಬಿಟ್ಟು ಮತ್ತೆ ಬರೆಯತೊಡಗಿದ ಮೇಲಿನ ಕಥೆಗಳು ಅದರಲ್ಲಿವೆ. ಮೊದಲನೆಯದು ಆ ಹುಡುಗಿಯದು, ನಡುವೆ ನಿದ್ದೆಹೋದ ಅಕ್ಕನದು. ಅವಳು ದೊಡ್ಡವಳಾದ ಮೇಲೆ ಅವಳಿಗೇ ಮೊದಲು ಓದಿ ತೋರಿಸಿದೆ. ಅಚ್ಚಿಗೆ ಕೊಡಬೇಡಿ, ನಿಮ್ಮ ಹತ್ತಿರ ಇಟ್ಟುಕೊಳ್ಳಿ ಅಂದಳು. ಇಟ್ಟುಕೊಂಡಿದ್ದೇನೆ. ಮನೆಯವಳಾದ ನಿನಗೆ ತೋರಿಸಲು ಕಳೆದ ತಿಂಗಳು ಅವಳನ್ನು ಕೇಳಿ ಒಪ್ಪಿಗೆ ಪಡೆದೆ. ಓದಿ ವಾಪಸು ಕಳಿಸು.

ನಿನ್ನ ಕಥೆಯನ್ನು ಮೆಟ್ಟಿಲಿಗೇ ನಿಲ್ಲಿಸಿ ಒಮ್ಮೆ ನೋಡು. ಒಂದು ಮಾತ್ರ ನನ್ನನ್ನು ಬುಧವಾರದಿಂದ ಕಾಡುತ್ತಿದೆ. ಅವ್ವನಿಗೆ ನಿಜಕ್ಕೂ ಏನೂ ಗೊತ್ತಿರಲಿಲ್ಲವಾ? ಅವತ್ತು ಅವಳು ಡಬ್ಬಿಗೆ ಏನು ಕಟ್ಟಿದ್ದಳು? ನೀನು ಬರೆದಿಲ್ಲ. ಯೋಚಿಸಿ ತಿಳಿಸು.

ಪ್ರಾರ್ಥನೆಗಳೊಂದಿಗೆ,
ನಿನ್ನ ಸೋದರತ್ತೆ