ಭಾನುವಾರದ ಕರೆ: ಎಳೆ ಮಕ್ಕಳ ಶುಗರ್ ಮತ್ತು ಜೀನ್ ಪರೀಕ್ಷೆ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 6ಕ್ಕೆ ನಮ್ಮ ಪೋಷಕರ ವಿಡಿಯೋ ಕರೆ ಇದೆ. ಈ ಸಲ ಇಂಗ್ಲೆಂಡಿನ ಎಕ್ಸಿಟರ್ ವಿಶ್ವವಿದ್ಯಾಲಯದ ಪ್ರೊಫೆಸರ್ ಆ್ಯಂಡ್ರೂ ಹ್ಯಾಟರ್ಸ್ಲಿ ಅವರ ಕೆಲಸದ ಬಗ್ಗೆ ಮಾತಾಡೋಣ. ಹುಟ್ಟಿ 6 ತಿಂಗಳೊಳಗೆ ಶುಗರ್ ಬಂದ ಮಕ್ಕಳ ಮನೆಯವರು ಮಾತ್ರ ದಯವಿಟ್ಟು ತಪ್ಪಿಸಬೇಡಿ.

ಯಾಕೆ ಅಂದರೆ, ಅಷ್ಟು ಎಳೆ ಮಗುವಿಗೆ ಟೈಪ್ 1, ಅಂದರೆ ಇನ್ಸುಲಿನ್ ಮಾಡುವ ಜೀವಕೋಶಗಳನ್ನು ದೇಹವೇ ಹಾಳುಮಾಡುವ ಶುಗರ್, ಬರುವುದು ತೀರಾ ಅಪರೂಪ. ಹೆಚ್ಚಾಗಿ ಯಾವುದೋ ಒಂದೇ ಜೀನ್‌ನ ಬದಲಾವಣೆ ಕಾರಣವಾಗಿರುತ್ತದೆ. 2004ರಲ್ಲಿ ಇವರ ತಂಡ ಅಂಥದ್ದೊಂದು ಜೀನ್ ಗುರುತಿಸಿತು, ಹೆಸರು ಕೆಸಿಎನ್‌ಜೆ11. ಇನ್ಸುಲಿನ್ ಮಾಡುವ ಜೀವಕೋಶದ ಗೋಡೆಯಲ್ಲಿ ಪೊಟ್ಯಾಸಿಯಂ ಹೊರಹೋಗುವ ಪುಟ್ಟ ಬಾಗಿಲಿದೆ; ಸಕ್ಕರೆ ಏರಿದಾಗ ಅದು ಮುಚ್ಚಿಕೊಂಡರೆ ಮಾತ್ರ ಇನ್ಸುಲಿನ್ ಹೊರಬರುತ್ತದೆ, ಈ ಜೀನ್ ಬದಲಾದ ಮಕ್ಕಳಲ್ಲಿ ಅದು ತೆರೆದೇ ಇರುತ್ತದೆ. ಸಲ್ಫೊನೈಲ್‌ಯೂರಿಯಾ ಅನ್ನುವ ಹಳೇ ಶುಗರ್ ಮಾತ್ರೆ ಆ ಬಾಗಿಲನ್ನು ಮುಚ್ಚಿಸುತ್ತದೆ. 2006ರ ವರದಿಯಲ್ಲಿ ಈ ಜೀನ್ ಬದಲಾವಣೆ ಇದ್ದು ಮಾತ್ರೆ ತೆಗೆದುಕೊಂಡ 49 ಜನರಲ್ಲಿ 44 ಮಂದಿ ಇನ್ಸುಲಿನ್ ಪೂರ್ತಿ ಬಿಟ್ಟರು! ದಿನಾ ಸೂಜಿ ಚುಚ್ಚುವ ನಮಗೆ ಇದು ಎಷ್ಟು ದೊಡ್ಡದು ಅಲ್ವಾ?

ಆದರೆ ಎಲ್ಲ ಜೀನ್‌ಗೂ ಈ ಮಾತ್ರೆ ಹೊಂದುವುದಿಲ್ಲ. ಯಾರೂ ತಾವಾಗಿಯೇ ಇನ್ಸುಲಿನ್ ನಿಲ್ಲಿಸಬೇಡಿ, ಅದು ಅಪಾಯ.

ಕರೆಗೆ ಮುಂಚೆ ಮಗುವಿಗೆ ಶುಗರ್ ಗೊತ್ತಾದಾಗ ಎಷ್ಟು ವಾರ ಆಗಿತ್ತು ಅಂತ ಹಳೇ ಫೈಲ್ ನೋಡಿಡಿ. ಜೀನ್ ಪರೀಕ್ಷೆ ಆಗಿದ್ದರೆ ರಿಪೋರ್ಟ್ ಹತ್ತಿರ ಇರಲಿ, ಗುಂಪಿಗೆ ಹಾಕಬೇಡಿ. ಆಗಿಲ್ಲದಿದ್ದರೆ ನಿಮ್ಮ ಡಾಕ್ಟರನ್ನು ಕೇಳಿ. ಚೆನ್ನೈನ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್ನಿನಲ್ಲೂ ಈ ಬಗ್ಗೆ ಸಂಶೋಧನೆ ನಡೆದಿದೆ, ಅದನ್ನೂ ಹೇಳಿ.

ಬರುವವರು ಶುಕ್ರವಾರದೊಳಗೆ ಇಲ್ಲೇ 'ಬರ್ತೀನಿ' ಅಂತ ಹಾಕಿ. ಪ್ರಶ್ನೆ ಇದ್ದರೆ ಈಗಲೇ ಕಳಿಸಿ.