ಕೊನೇ ತರಗತಿಗೆ ಎರಡು ಬರಹ ತನ್ನಿ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ನಮ್ಮ ಬರವಣಿಗೆ ತರಗತಿಯ ಕೊನೇ ದಿನ. ಮುಂಬೈನ ಮಾಟುಂಗಾದಲ್ಲೇ, ಬೆಳಿಗ್ಗೆ 10ಕ್ಕೆ. ಡೊಂಬಿವಲಿಯವರು ವಾಪಸ್ ಹೋಗುವಾಗಿನ ಮೆಗಾ ಬ್ಲಾಕ್ (ಹಳಿ ದುರಸ್ತಿಗೆ ಲೋಕಲ್ ರೈಲು ಕಡಿತ) ನೋಡಿಕೊಳ್ಳಿ.

ನಿಮ್ಮ ಮೊದಲ ಬರಹ, ಈಚಿನ ಬರಹ ಎರಡನ್ನೂ ತನ್ನಿ. ಜೊತೆಗೆ ಒಂದು ಪುಟ: ಬರವಣಿಗೆ ಎಲ್ಲಿ ಬದಲಾಯಿತು ಅಂತ. "ತುಂಬಾ ಕಲಿತೆ" ಅಂತ ಸುಮ್ನೆ ಬರೆಯಬೇಡಿ. ಹೊಡೆದುಹಾಕಿದ ಸಾಲನ್ನೇ ತೋರಿಸಿ. ನನ್ನ ಮೊದಲ ಬರಹದಲ್ಲಿ 'ಮಹಾನಗರದ ಯಾಂತ್ರಿಕ ಬದುಕು' ಅಂತಿತ್ತು (ಈಗ ನಗು ಬರುತ್ತದೆ). ಮೂರನೇ ಸಲ ತಿದ್ದುವಾಗ ಅದು ಹೋಯಿತು. ಆ ಸಾಲಿನ ಜಾಗಕ್ಕೆ ಲೋಕಲ್‌ ರೈಲಿನಲ್ಲಿ ಕೂತು ಬೆಳ್ಳುಳ್ಳಿ ಸುಲಿಯುವ ಹೆಂಗಸು ಬಂದಳು.

ಮರಾಠಿ ಮಾತು ನುಸುಳಿದ್ದರೆ ಅಳಿಸಬೇಡಿ. ನಮ್ಮ ಮುಂಬೈ ಕನ್ನಡ ಹಾಗೇ ಅಲ್ವಾ? ಬರಲಾಗದವರು ಶನಿವಾರ ರಾತ್ರಿಯೊಳಗೆ ಇಲ್ಲೇ ಫೋಟೊ ಹಾಕಿ.